ಕಾಮ್ರಿಯ ಕಂಬಗಳೂ ಪೋಸ್ಟ್ ಮಾಸ್ಟರರ ಪುಸ್ತಕವೂ

ಕಾಮ್ರಿಗೆ ನಾನು ಹೋಗಿದ್ದು ಅಲ್ಲಿನ ಭೂಕಂಪದ ಮನೆ ನೋಡಬೇಕು ಅಂತ. ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ, ಕ್ರೀಫ್ ಪೇಟೆಯಿಂದ ಪಶ್ಚಿಮಕ್ಕೆ ಹತ್ತು ಹನ್ನೊಂದು ಕಿಲೋಮೀಟರ್ ಹೋದರೆ ಸಿಗುವ ಸಣ್ಣ ಊರು ಅದು. ಇರುವುದು ಸುಮಾರು ಎರಡು ಸಾವಿರ ಜನ. ಅರ್ನ್, ರುಖಿಲ್, ಲೆಡ್ನಾಕ್ ಎಂಬ ಮೂರು ನದಿಗಳು ಅಲ್ಲಿ ಕೂಡುತ್ತವೆ. ಊರಿನ ಉತ್ತರಕ್ಕೆ ಬೆಟ್ಟಗಳು ಒಮ್ಮೆಲೇ ಏಳುತ್ತವೆ. ದಕ್ಷಿಣಕ್ಕೆ ತಗ್ಗಿನ ಹಸಿರು ಹೊಲಗಳು. ಎರಡು ಬೇರೆ ನಾಡುಗಳು ಒಂದೇ ಬೀದಿಯ ಎರಡು ತುದಿಯಲ್ಲಿ ಇರುವ ಹಾಗೆ ಕಾಣುತ್ತದೆ.

ಅದು ಬರೀ ಕಣ್ಣಿಗೆ ಕಾಣುವ ವ್ಯತ್ಯಾಸವಲ್ಲ. ಸ್ಕಾಟ್ಲೆಂಡನ್ನು ಪಶ್ಚಿಮದ ಆರನ್ ದ್ವೀಪದಿಂದ ಪೂರ್ವ ಕರಾವಳಿಯ ಸ್ಟೋನ್‌ಹೇವನ್‌ವರೆಗೆ ಓರೆಯಾಗಿ ಸೀಳುವ ಒಂದು ಬಿರುಕು ನೆಲದೊಳಗೆ ಇದೆ. ಹೈಲ್ಯಾಂಡ್ ಬೌಂಡರಿ ಫಾಲ್ಟ್ ಎಂದು ಅದರ ಹೆಸರು. ಸುಮಾರು 40 ಕೋಟಿ ವರ್ಷದಷ್ಟು ಹಳೆಯದು. ಅದರ ಉತ್ತರಕ್ಕೆ ಗಟ್ಟಿಯಾದ ಹಳೆಯ ಕಲ್ಲು, ದಕ್ಷಿಣಕ್ಕೆ ಕೆಂಪು ಮರಳುಗಲ್ಲು. ಕಾಮ್ರಿ ಕೂತಿರುವುದು ಸರಿಯಾಗಿ ಈ ಬಿರುಕಿನ ಬಳಿ. ಒಂದು ಕಾಲದಲ್ಲಿ ಸ್ಕಾಟ್ಲೆಂಡಿನ ಮೇಲೆ ಭಾರೀ ಹಿಮದ ಹೊದಿಕೆ ಇತ್ತು. ಅದು ಕರಗಿ ಸಾವಿರಾರು ವರ್ಷ ಆದರೂ, ಭಾರ ಇಳಿದ ನೆಲ ಈಗಲೂ ನಿಧಾನವಾಗಿ ಮೇಲೇಳುತ್ತಿದೆ. ಆಗಾಗ ನೆಲ ನಡುಗುವುದಕ್ಕೆ ಇದೂ ಒಂದು ಕಾರಣ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಸುತ್ತಲಿನ ಜನ ಕಾಮ್ರಿಗೆ ‘ಶೇಕಿ ಟೂನ್’ ಅಂತ ಅಡ್ಡಹೆಸರು ಇಟ್ಟಿದ್ದಾರೆ. ನಡುಗುವ ಊರು ಅಂತ.

ಭೂಕಂಪದ ಮನೆ ಊರಿನ ಪಶ್ಚಿಮದ ಅಂಚಿನಲ್ಲಿ ರಾಸ್ ಎಂಬ ಕಡೆ ಇದೆ. ಹೊಲದ ನಡುವೆ ಒಂದು ಬಂಡೆ, ಬಂಡೆಯ ಮೇಲೆ ಒಂದೇ ಕೋಣೆಯ ಕಲ್ಲಿನ ಕಟ್ಟಡ, ನಾಲ್ಕೂ ಕಡೆಯಿಂದ ಏರಿ ತುದಿಯಲ್ಲಿ ಕೂಡುವ ಮಾಡು. ಒಳಗೆ ಬಿಡುವುದಿಲ್ಲ. ಕಿಟಕಿಯ ಗಾಜಿನಿಂದ ಇಣುಕಿ ನೋಡಬೇಕು. ನಾನು ಸಾಕಷ್ಟು ಹೊತ್ತು ಅಲ್ಲೇ ನಿಂತಿದ್ದೆ. ಯಾಕೆಂದರೆ ಈ ಪುಟ್ಟ ಕಟ್ಟಡದ ಹಿಂದಿರುವ ಕಥೆ ನನಗೆ ತುಂಬಾ ಇಷ್ಟ.

1788ರ ಸುಮಾರಿಗೆ ಕಾಮ್ರಿಯ ಸುತ್ತ ನೆಲ ಪದೇ ಪದೇ ನಡುಗಲು ಶುರುವಾಯಿತು. ಒಂದೆರಡು ಸಲ ನಡುಗಿ ನಿಲ್ಲಲಿಲ್ಲ. ವರ್ಷಗಟ್ಟಲೆ ನಡೆಯಿತು. ಆಗ ಸ್ಯಾಮ್ಯುಯೆಲ್ ಗಿಲ್ಫಿಲನ್ ಎಂಬ ಊರಿನ ಪಾದ್ರಿ ಒಂದು ಕೆಲಸ ಮಾಡಿದರು. ಪ್ರತಿ ನಡುಕವನ್ನೂ ಬರೆದಿಡತೊಡಗಿದರು. ಅಷ್ಟೇ. ಭೂಮಿ ಯಾಕೆ ನಡುಗುತ್ತದೆ ಎಂದು ಆಗ ಜಗತ್ತಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ಮಾಡಬಹುದಾದ ಒಳ್ಳೆಯ ಕೆಲಸ ಅದೇ ಅಲ್ವಾ, ಕಂಡದ್ದನ್ನು ತಪ್ಪದೆ ಬರೆದಿಡುವುದು? 1826ರಲ್ಲಿ ಅವರು ತೀರಿಕೊಂಡರು.

ಮುಂದೆ 1839ರ ಅಕ್ಟೋಬರ್‌ನಲ್ಲಿ ಮತ್ತೆ ನಡುಕದ ಸರಣಿ. ಅದರಲ್ಲಿ ದೊಡ್ಡದು ಬಂದದ್ದು 23ರ ರಾತ್ರಿ. ಈಗಿನ ಲೆಕ್ಕದಲ್ಲಿ ಅದರ ತೀವ್ರತೆ ಸುಮಾರು 4.8 ಇರಬಹುದು ಎಂದು ಅಂದಾಜು ಮಾಡಿದ್ದಾರೆ. ಸ್ಕಾಟ್ಲೆಂಡಿನ ಬಹುಭಾಗಕ್ಕೆ ಅದು ಗೊತ್ತಾಯಿತು. ಕಾಮ್ರಿಯ ಜನ ಮನೆ ಬಿಟ್ಟು ಬೀದಿಗೆ ಓಡಿ ಬಂದರು. ಅದಾಗಿ ಕೆಲವೇ ಗಂಟೆಗಳಲ್ಲಿ, ದೂರದ ಸ್ಟರ್ಲಿಂಗ್ ಕಡೆಯ ಅರ್ಲ್ಸ್ ಬರ್ನ್ ಎಂಬ ಕೆರೆಯ ಏರಿ ಒಡೆಯಿತು. ಈ ನಡುಕವೇ ಅದಕ್ಕೆ ಕಾರಣ ಎಂಬ ಮಾತಿದೆ.

ಈ ಸಲ ಬರೆದಿಡಲು ಕೂತವರು ಪೀಟರ್ ಮ್ಯಾಕ್‌ಫಾರ್ಲೇನ್ ಮತ್ತು ಜೇಮ್ಸ್ ಡ್ರಮಂಡ್. ಮ್ಯಾಕ್‌ಫಾರ್ಲೇನ್ ಊರಿನ ಪೋಸ್ಟ್ ಮಾಸ್ಟರ್. ಡ್ರಮಂಡ್ ಷೂ ಹೊಲಿಯುವ ಕಸುಬಿನವರು. ಇಬ್ಬರೂ ವಿಜ್ಞಾನ ಓದಿದವರಲ್ಲ. ಮ್ಯಾಕ್‌ಫಾರ್ಲೇನ್ ತಮ್ಮದೇ ಒಂದು ಅಳತೆ ಮಾಡಿಕೊಂಡರು. ಒಂದರಿಂದ ಹತ್ತರವರೆಗೆ. ಅಕ್ಟೋಬರ್ 23ರ ದೊಡ್ಡ ನಡುಕಕ್ಕೆ ಹತ್ತು. ಉಳಿದವನ್ನೆಲ್ಲ ಅದಕ್ಕೆ ಹೋಲಿಸಿ ಅಂಕಿ ಕೊಡುತ್ತಾ ಹೋದರು. ಭೂಕಂಪ ಎಷ್ಟು ಜೋರಾಗಿತ್ತು ಎಂದು ಅಂಕಿಯಲ್ಲಿ ಹೇಳುವ ಪ್ರಯತ್ನಗಳಲ್ಲಿ ಇದು ಬಹಳ ಹಳೆಯದು. ಈಗ ಟಿವಿಯಲ್ಲಿ ‘ರಿಕ್ಟರ್ ಮಾಪಕದಲ್ಲಿ ಇಷ್ಟು’ ಅಂತ ಕೇಳುತ್ತೇವಲ್ಲ, ಆ ಮಾಪಕ ಬರುವುದಕ್ಕೆ ಇನ್ನೂ ತೊಂಬತ್ತಕ್ಕೂ ಜಾಸ್ತಿ ವರ್ಷ ಇತ್ತು.

ಸುದ್ದಿ ಎಡಿನ್‌ಬರೋಗೆ ತಲುಪಿತು. ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನಿಗಳ ಸಂಘ ಕಾಮ್ರಿಯ ನಡುಕಗಳಿಗಾಗಿಯೇ ಒಂದು ಸಮಿತಿ ಮಾಡಿತು. ಡೇವಿಡ್ ಮಿಲ್ನ್ ಅದರ ಮುಂದಾಳು. ಈಗ ಲೋಕವೆಲ್ಲ ಬಳಸುವ ‘ಸೈಸ್ಮೋಮೀಟರ್’ ಎಂಬ ಹೆಸರು ಹುಟ್ಟಿದ್ದು ಆ ಸಮಿತಿಯ ಕೆಲಸದಲ್ಲೇ. ಜೇಮ್ಸ್ ಫೋರ್ಬ್ಸ್ ಎಂಬ ಪ್ರೊಫೆಸರ್ ಒಂದು ಯಂತ್ರ ಮಾಡಿಕೊಟ್ಟರು. ತಲೆಕೆಳಗಾದ ಲೋಲಕ ಅದು. ತುದಿಗೆ ಭಾರ ಕಟ್ಟಿದ ಒಂದು ಸರಳು, ಸ್ಪ್ರಿಂಗ್‌ನಂತೆ ಬಾಗುವ ತಂತಿಯ ಆಧಾರದಲ್ಲಿ ನೆಟ್ಟಗೆ ನಿಂತಿರುತ್ತದೆ. ಮೇಲ್ತುದಿಯಲ್ಲಿ ಪೆನ್ಸಿಲ್. ನೆಲ ಅಲುಗಿದರೆ ಪೆನ್ಸಿಲ್ ಕಾಗದದ ಮೇಲೆ ಗೀರು ಎಳೆಯುತ್ತದೆ. ಇದನ್ನು ಊರಿನ ಚರ್ಚ್ ಗೋಪುರದಲ್ಲೇ ಇಟ್ಟರು.

ಆದರೆ ಒಂದು ತೊಂದರೆ ಆಯಿತು. ಜನರಿಗೆ ಗೊತ್ತಾದ ನಡುಕಗಳಲ್ಲಿ ಬಹುಪಾಲನ್ನು ಯಂತ್ರ ಹಿಡಿಯಲೇ ಇಲ್ಲ. ಪೋಸ್ಟ್ ಮಾಸ್ಟರರ ಮೈಗೆ ತಿಳಿದದ್ದು ಪೆನ್ಸಿಲ್ಲಿಗೆ ತಿಳಿಯಲಿಲ್ಲ. ಹಾಗಾಗಿ ಇವತ್ತು ಆ ವರ್ಷಗಳ ಬಗ್ಗೆ ಗೊತ್ತಿರುವುದೆಲ್ಲ ಹೆಚ್ಚಾಗಿ ಆ ಬರಹಗಳಿಂದಲೇ ಬಂದದ್ದು. ರಾತ್ರಿ ಕಾಗದ ಪತ್ರ ವಿಂಗಡಿಸಿ ಮುಗಿಸಿದ ಒಬ್ಬ ಮನುಷ್ಯ, ನೆಲದ ಒಂದು ಸಣ್ಣ ಗುಡುಗಿಗೆ ಕಿವಿ ಕೊಟ್ಟು, ಹೊತ್ತು ನೋಡಿ, ಬರೆದಿಟ್ಟ. ಮಾರನೇ ದಿನವೂ ಬರೆದ. ನಡುಕ ನಿಂತ ಮೇಲೂ ಪುಸ್ತಕ ಮುಚ್ಚಲಿಲ್ಲ. ನನ್ನ ಮಟ್ಟಿಗೆ ಕಾಮ್ರಿಯ ನಿಜವಾದ ಸ್ಮಾರಕ ಇದು.

ಈಗಿನ ಭೂಕಂಪದ ಮನೆ ಆಮೇಲೆ ಬಂದದ್ದು. 1869ರಲ್ಲಿ ಸಮಿತಿಗೆ ಮತ್ತೆ ಜೀವ ಬಂತು. 1874ರಲ್ಲಿ ಈ ಮನೆ ಎದ್ದಿತು. ಒಳಗಿನ ಏರ್ಪಾಡು ರಾಬರ್ಟ್ ಮ್ಯಾಲೆಟ್ ಎಂಬ ಎಂಜಿನಿಯರರ ಯೋಚನೆ. ನೆಲದ ಮೇಲೆ ಎರಡು ಹಲಗೆ, ಒಂದು ಉತ್ತರ ದಕ್ಷಿಣ, ಇನ್ನೊಂದು ಪೂರ್ವ ಪಶ್ಚಿಮ. ಅದರ ಮೇಲೆ ಬೇರೆ ಬೇರೆ ದಪ್ಪದ ಮರದ ಉರುಳೆಗಳನ್ನು ಸಾಲಾಗಿ ನಿಲ್ಲಿಸುವುದು. ಸುತ್ತ ಮರಳು. ನೆಲ ನಡುಗಿದರೆ ಯಾವ ದಪ್ಪದ ಉರುಳೆ ಬಿತ್ತು ಎಂಬುದರಿಂದ ನಡುಕದ ಬಲ, ಯಾವ ಕಡೆ ಬಿತ್ತು ಎಂಬುದರಿಂದ ಅದರ ದಿಕ್ಕು. ಮರಳು ಇರುವುದು ಬಿದ್ದ ಉರುಳೆ ಹೊರಳಿ ಹೋಗದಿರಲಿ ಅಂತ. ಎಷ್ಟು ಸರಳ, ಎಷ್ಟು ಚೆಂದ! ಆದರೆ ಮನೆ ಕಟ್ಟುವ ಹೊತ್ತಿಗೆ ಕಾಮ್ರಿಯ ನೆಲ ಸುಮಾರಾಗಿ ತಣ್ಣಗಾಗಿತ್ತು. 1911ರ ಹೊತ್ತಿಗೆ ಅದನ್ನು ಬಿಟ್ಟೇಬಿಟ್ಟರು. 1988ರಲ್ಲಿ ದುರಸ್ತಿ ಮಾಡಿ ಹೊಸ ಕಾಲದ ಯಂತ್ರವನ್ನೂ ಇಟ್ಟರು. ಹಳೆಯ ಉರುಳೆಗಳ ಮಾದರಿ ಪಕ್ಕದಲ್ಲೇ ನಿಂತಿದೆ.

ನೆಲದ ಈ ಗುಣವನ್ನು ಎಂಜಿನಿಯರ್‌ಗಳು ಮರೆಯಲಿಲ್ಲ. ಊರಿನ ಮೇಲ್ಗಡೆ ಲೆಡ್ನಾಕ್ ಕಣಿವೆಯಲ್ಲಿ 1957ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದಾಗ, ಭೂಕಂಪ ಬಂದರೂ ತಡೆದುಕೊಳ್ಳಲಿ ಎಂದು ದಪ್ಪ ಊರೆಗಂಬಗಳನ್ನು ಒತ್ತಾಗಿ ಕೊಟ್ಟು ಕಟ್ಟಿದರು. ಪೋಸ್ಟ್ ಮಾಸ್ಟರ್ ಬರೆದಿಟ್ಟದ್ದು ವ್ಯರ್ಥ ಆಗಲಿಲ್ಲ ಎಂದು ಅದನ್ನು ನೋಡಿ ಖುಷಿಯಾಯಿತು.

ಊರೊಳಗೆ ನೋಡುವುದಕ್ಕೆ ಇನ್ನೆರಡು ಕಟ್ಟಡ ಇವೆ. ಮೊದಲನೆಯದು 1805ರ ಬಿಳಿ ಚರ್ಚ್. ಅದರ ಚೂಪು ಗೋಪುರ ಊರಿನ ಯಾವ ಮೂಲೆಯಿಂದಲೂ ಕಾಣುತ್ತದೆ. ಈಗ ಅಲ್ಲಿ ಪೂಜೆ ಇಲ್ಲ. ಊರವರ ಸಭೆ ಸಮಾರಂಭಗಳ ಜಾಗ ಆಗಿದೆ. ಎರಡನೆಯದು ಬೀದಿ ತಿರುವಿನಲ್ಲಿರುವ ಬಟ್ಟೆ ಅಂಗಡಿ. ಹಳೆಯದು ಬೆಂಕಿಗೆ ಸುಟ್ಟುಹೋದಾಗ, ಅಂಗಡಿಯ ಮಾಲೀಕ 1903-04ರಲ್ಲಿ ಹೊಸದನ್ನು ಕಟ್ಟಿಸಿದ್ದು ಗ್ಲಾಸ್ಗೋದ ಚಾರ್ಲ್ಸ್ ರೆನಿ ಮ್ಯಾಕಿಂಟಾಶ್ ಕೈಯಲ್ಲಿ. ಈಗ ಜಗತ್ತಿನ ಆರ್ಕಿಟೆಕ್ಟ್ ಕಾಲೇಜುಗಳಲ್ಲೆಲ್ಲ ಆತನ ಹೆಸರು ಹೇಳುತ್ತಾರೆ. ಕಟ್ಟಡದ ಮೂಲೆಯಲ್ಲಿ ಗೋಡೆಯಿಂದ ಹೊರಚಾಚಿದ ದುಂಡನೆಯ ಒಂದು ಗೂಡು ಇದೆ. ಹಳೆಯ ಸ್ಕಾಟಿಷ್ ಕೋಟೆಮನೆಗಳ ನೆನಪು ಅದು. ಕೆಳಗೆ ಅಂಗಡಿ, ಮೇಲಿನ ಮನೆಯನ್ನು ಲ್ಯಾಂಡ್‌ಮಾರ್ಕ್ ಟ್ರಸ್ಟ್ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತದೆ. ರೈಲೂ ಇತ್ತು. 1893ರಲ್ಲಿ ಬಂತು, 1964ರಲ್ಲಿ ನಿಂತುಹೋಯಿತು.

ಇನ್ನು ಕಂಬಗಳ ಮಾತು.

ನನ್ನ ಅಮ್ಮನ ತವರು ಶ್ರೀರಂಗಪಟ್ಟಣದ ಗಂಜಾಂ. ಬೇಸಿಗೆ ರಜೆಯೆಲ್ಲ ಅಲ್ಲೇ. ಬೈಲಿ ಬಂದೀಖಾನೆ, ಟಿಪ್ಪು ಬಿದ್ದ ಜಾಗ, ಕೋಟೆ ಒಡೆದ ಜಾಗ, ಇವೆಲ್ಲ ನಮಗೆ ಆಟದ ಜಾಗಗಳು. ಕಾಮ್ರಿಯಲ್ಲಿ ನಿಂತರೆ ಉತ್ತರದ ಗುಡ್ಡದ ಮೇಲೆ ಒಂದು ಕಂಬ. ಕ್ರೀಫ್ ಕಡೆ ಹೋದರೆ ಇನ್ನೊಂದು ಗುಡ್ಡದ ಮೇಲೆ ಇನ್ನೊಂದು ಕಂಬ. ಎರಡೂ ಶ್ರೀರಂಗಪಟ್ಟಣಕ್ಕೆ ಸಂಬಂಧಪಟ್ಟವು. ಒಂದು, ಯುದ್ಧವನ್ನು ಲಂಡನ್ನಿನಲ್ಲಿ ಕೂತು ನಡೆಸಿದವನದು. ಇನ್ನೊಂದು ಕತ್ತಿ ಹಿರಿದು ಕೋಟೆ ನುಗ್ಗಿದವನದು.

ಮೊದಲನೆಯ ಕಂಬಕ್ಕೆ ಹೋಗುವ ದಾರಿ ತುಂಬಾ ಚೆನ್ನಾಗಿದೆ. ಲೆಡ್ನಾಕ್ ಹೊಳೆಯ ಪಕ್ಕ, ಕಾಡಿನೊಳಗೆ ಹತ್ತುತ್ತಾ ಹೋಗಬೇಕು. ನಡುವೆ ಡೀಲ್ಸ್ ಕಾಲ್ಡ್ರನ್ ಎಂಬ ಅಬ್ಬಿ ಸಿಗುತ್ತದೆ. ಇಕ್ಕಟ್ಟಾದ ಬಂಡೆಗಳ ನಡುವೆ ನೀರು ಸುತ್ತಿ ಸುತ್ತಿ ಬೀಳುತ್ತದೆ. ಅಲ್ಲೊಂದು ನೀರಿನ ಭೂತ ಇತ್ತು, ಜನರನ್ನು ಒಳಗೆ ಎಳೆದುಕೊಳ್ಳುತ್ತಿತ್ತು ಎಂದು ಹಿಂದಿನವರ ಕಥೆ. ಅಲ್ಲಿಂದ ಏರಿದರೆ ಡೂನ್ ಮೋರ್ ಗುಡ್ಡದ ನೆತ್ತಿ. 72 ಅಡಿ ಎತ್ತರದ ಚೌಕ ಕಂಬ. ಹೆನ್ರಿ ಡುಂಡಾಸ್, ಅಂದರೆ ಮೊದಲನೆಯ ವೈಕೌಂಟ್ ಮೆಲ್ವಿಲ್, 1811ರಲ್ಲಿ ಸತ್ತ ಮೇಲೆ 1812ರಲ್ಲಿ ನಿಲ್ಲಿಸಿದ್ದು. ಪಕ್ಕದ ಡುನೈರಾ ಆತನ ಎಸ್ಟೇಟ್ ಆಗಿತ್ತು.

ಡುಂಡಾಸ್ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಇರಬೇಕಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಭಾರತದ ಆಡಳಿತವನ್ನು ನೋಡಿಕೊಳ್ಳಲು ಲಂಡನ್ ಸರ್ಕಾರ 1784ರಲ್ಲಿ ಒಂದು ಮಂಡಳಿ ಮಾಡಿತು. ಬೋರ್ಡ್ ಆಫ್ ಕಂಟ್ರೋಲ್ ಅಂತ. ಶುರುವಿನಿಂದಲೂ ಅದರಲ್ಲಿ ಡುಂಡಾಸ್‌ನ ಮಾತೇ ನಡೆಯುತ್ತಿತ್ತು. 1793ರಿಂದ 1801ರವರೆಗೆ ಆತನೇ ಅಧ್ಯಕ್ಷ. ಲೆಕ್ಕ ಹಾಕಿ. 1792ರ ಶ್ರೀರಂಗಪಟ್ಟಣದ ಒಪ್ಪಂದ ಆತ ಅಧ್ಯಕ್ಷನಾಗುವ ಮೊದಲೇ ಆದರೂ ಆತನ ಮಾತು ನಡೆಯುತ್ತಿದ್ದ ಕಾಲದ್ದು. ಟಿಪ್ಪುವಿನ ರಾಜ್ಯದ ಅರ್ಧ ಭಾಗ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. 1799ರ ಕೊನೆಯ ಯುದ್ಧವೂ ಆತನ ಕಾಲದ್ದೇ. ಆಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿ ಭಾರತಕ್ಕೆ ಬರುವ ಮೊದಲು ಅದೇ ಮಂಡಳಿಯ ಸದಸ್ಯನಾಗಿದ್ದವನು.

ಸ್ಕಾಟ್ಲೆಂಡಿನಲ್ಲಿ ಡುಂಡಾಸ್ ಬಗ್ಗೆ ಈಗ ದೊಡ್ಡ ಚರ್ಚೆ ಇರುವುದು ಬೇರೆ ಕಾರಣಕ್ಕೆ. 1792ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕು ಎಂದು ಪಾರ್ಲಿಮೆಂಟಿನಲ್ಲಿ ಮಾತು ಬಂದಾಗ, ‘ಕ್ರಮೇಣ’ ಎಂಬ ಪದ ಸೇರಿಸಿದವನು ಆತ. ವ್ಯಾಪಾರ ನಿಂತದ್ದು 1807ರಲ್ಲಿ. ನಡುವಿನ ಹದಿನೈದು ವರ್ಷಗಳಲ್ಲಿ ಎಷ್ಟು ಹಡಗು, ಎಷ್ಟು ಜನ! ಎಡಿನ್‌ಬರೋದಲ್ಲಿ ಆತನ ಇನ್ನೊಂದು ದೊಡ್ಡ ಕಂಬ ಇದೆ. 2021ರಲ್ಲಿ ಅದರ ಬುಡದಲ್ಲಿ ಈ ಸಂಗತಿ ಬರೆದ ಫಲಕ ಹಾಕಿದರು. ಆತನ ವಂಶದವರೂ ಕೆಲವು ಚರಿತ್ರೆಕಾರರೂ ಅದನ್ನು ಒಪ್ಪುವುದಿಲ್ಲ. ‘ಕ್ರಮೇಣ’ ಅನ್ನದಿದ್ದರೆ ಆ ನಿರ್ಣಯಕ್ಕೆ ಒಪ್ಪಿಗೆಯೇ ಸಿಗುತ್ತಿರಲಿಲ್ಲ ಎನ್ನುವುದು ಅವರ ವಾದ. ಇರಲಿ, ಜಗಳವಾದರೂ ನಡೆಯುತ್ತಿದೆಯಲ್ಲ. ಮೈಸೂರಿನ ವಿಷಯದಲ್ಲಿ ಅದೂ ಇಲ್ಲ. ಕಾಮ್ರಿಯ ಗುಡ್ಡದ ಮೇಲೆ ನಿಂತು ನನಗೆ ಬೇಸರವಾದದ್ದು ಇದಕ್ಕೆ.

ಎರಡನೆಯ ಕಂಬ ಟಾಮ್ ಎ ಚಾಸ್ಟೆಲ್ ಎಂಬ ಗುಡ್ಡದ ಮೇಲಿದೆ. ಕಾಮ್ರಿಗೂ ಕ್ರೀಫ್‌ಗೂ ನಡುವೆ, ಅರ್ನ್ ನದಿಯ ಪಕ್ಕ. ಗ್ರಾನೈಟ್ ಕಂಬ. ಸರ್ ಡೇವಿಡ್ ಬೇರ್ಡ್ ನೆನಪಿಗೆ ಆತನ ಹೆಂಡತಿ 1832ರಲ್ಲಿ ನಿಲ್ಲಿಸಿದಳು. ಬೇರ್ಡ್ ಕೊನೆಯ ದಿನಗಳನ್ನು ಕಳೆದದ್ದು ಕ್ರೀಫ್ ಹತ್ತಿರದ ಫರ್ನ್‌ಟವರ್‌ನಲ್ಲಿ. ಸತ್ತದ್ದು 1829ರಲ್ಲಿ.

ಈತನ ಕಥೆ ಅಷ್ಟು ಸಲೀಸಾಗಿ ಹೇಳಿ ಮುಗಿಸುವಂಥದ್ದಲ್ಲ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕಂಪನಿಯ ಒಂದು ಇಡೀ ತುಕಡಿಯನ್ನು ನೆಲಸಮ ಮಾಡಿತು. ಆಗ ಬೇರ್ಡ್‌ಗೆ 22 ವರ್ಷ. ಮೈತುಂಬ ಗಾಯ. ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ. ಸುಮಾರು ಮೂರೂವರೆ ವರ್ಷ ಬೇಡಿ ಹಾಕಿಸಿಕೊಂಡು ಬಿದ್ದಿದ್ದ. ತುಕಡಿಯ ಮುಖ್ಯಸ್ಥ ಬೈಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಗಾಯಗೊಂಡ ಬೇರ್ಡ್‌ನ ಬೇಡಿಯನ್ನೂ ತಾನೇ ಹಾಕಿಕೊಳ್ಳುತ್ತೇನೆ ಎಂದು ಜೊತೆಯ ಸೆರೆಯಾಳೊಬ್ಬ ಮುಂದೆ ಬಂದನಂತೆ. ಮಗನ ಸಿಡುಕು ಸ್ವಭಾವ ಗೊತ್ತಿದ್ದ ತಾಯಿ, ಸುದ್ದಿ ಕೇಳಿ, ‘ನಮ್ಮ ಡೇವಿ ಜೊತೆ ಸರಪಳಿ ಹಾಕಿಸಿಕೊಂಡ ಹುಡುಗನನ್ನು ದೇವರೇ ಕಾಪಾಡಲಿ’ ಅಂದಳೆಂದು ಸ್ಕಾಟ್ಲೆಂಡಿನಲ್ಲಿ ಈಗಲೂ ಹೇಳುತ್ತಾರೆ. 1784ರಲ್ಲಿ ಬಿಡುಗಡೆ ಆಯಿತು.

ಹದಿನೈದು ವರ್ಷದ ಮೇಲೆ, 1799ರ ಮೇ 4ರಂದು, ಅದೇ ಊರಿನ ಕೋಟೆಗೆ ಲಗ್ಗೆ ಹಾಕುವ ದಂಡಿನ ಮುಂದಾಳು ನಾನಾಗುತ್ತೇನೆ ಎಂದು ಬೇರ್ಡ್ ಕೇಳಿ ಪಡೆದುಕೊಂಡ. ಬೇಸಿಗೆ. ಕಾವೇರಿಯಲ್ಲಿ ನೀರು ಕಡಿಮೆ. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ನದಿ ದಾಟಿ ನುಗ್ಗಿದರು. ಸಂಜೆ ಹೊತ್ತಿಗೆ ಎಲ್ಲ ಮುಗಿದಿತ್ತು. ಕತ್ತಲಲ್ಲಿ ದೀಪ ಹಿಡಿದು ಹೆಣಗಳ ರಾಶಿಯೊಳಗೆ ಟಿಪ್ಪುವಿನ ದೇಹ ಹುಡುಕಿಸಿದವನು ಬೇರ್ಡ್. ಆ ರಾತ್ರಿ ಊರು ಲೂಟಿಯಾಯಿತು. ಮಾರನೇ ದಿನ ಆಡಳಿತವನ್ನು ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿಗೆ ಕೊಟ್ಟರು. ಬೇರ್ಡ್ ಈ ಅವಮಾನವನ್ನು ಕೊನೆವರೆಗೂ ಮರೆಯಲಿಲ್ಲ.

ಆತನ ಹೆಂಡತಿ ಕಂಬ ನಿಲ್ಲಿಸಿ ಸುಮ್ಮನಾಗಲಿಲ್ಲ. ಡೇವಿಡ್ ವಿಲ್ಕಿ ಎಂಬ ದೊಡ್ಡ ಚಿತ್ರಕಾರನಿಂದ ಒಂದು ಭಾರೀ ಚಿತ್ರ ಬರೆಸಿದಳು. ಬೇರ್ಡ್ ಟಿಪ್ಪುವಿನ ದೇಹ ಕಂಡ ಗಳಿಗೆ. 1839ರಲ್ಲಿ ಮುಗಿಯಿತು. ಅದೇ ವರ್ಷ ಕಾಮ್ರಿಯಲ್ಲಿ ಪೋಸ್ಟ್ ಮಾಸ್ಟರ್ ಪುಸ್ತಕ ತೆರೆದದ್ದು. ಚಿತ್ರದಲ್ಲಿ ಬೇರ್ಡ್ ಕಾಲ ಕೆಳಗೆ ಸೆರೆಮನೆಯ ಕಬ್ಬಿಣದ ಜಾಲರಿ ಕಾಣುತ್ತದೆ. ಒಂದು ಕಾಲದಲ್ಲಿ ಆತ ಅದರ ಒಳಗಿದ್ದ ಎಂದು ತೋರಿಸಲು. ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕ ಕತ್ತಿಯನ್ನು ಸೈನ್ಯ ಬೇರ್ಡ್‌ಗೆ ಉಡುಗೊರೆ ಕೊಟ್ಟಿತ್ತು. 2023ರ ಮೇ ತಿಂಗಳಲ್ಲಿ ಆ ಕತ್ತಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು.

ಬೇರ್ಡ್ ಪಟ್ಟ ಕಷ್ಟ ನಿಜ. ಗಂಜಾಂನಲ್ಲಿ ಬೆಳೆದ ನಮಗೆ ಆ ಬಂದೀಖಾನೆಯ ಕಮಾನುಗಳು, ಗೋಡೆಯಿಂದ ಹೊರಬಂದ ಕಲ್ಲುಗಳ ತೂತುಗಳು ಗೊತ್ತು. ಕೈದಿಗಳನ್ನು ಅಲ್ಲಿ ಕಟ್ಟುತ್ತಿದ್ದರು ಎಂದು ದೊಡ್ಡವರು ತೋರಿಸುತ್ತಿದ್ದರು. 22 ವರ್ಷದ ಹುಡುಗ ಬೇಡಿಯಲ್ಲಿ ಮೂರೂವರೆ ವರ್ಷ ಅಂದರೆ ಹೊಟ್ಟೆ ಕಿವುಚುತ್ತದೆ. ಆದರೆ ಮೇ 4ರಂದು ಸತ್ತ ಮೈಸೂರಿನ ಸಾವಿರಾರು ಸಾಮಾನ್ಯ ಜನರಲ್ಲಿ ಯಾರ ಹೆಸರೂ ಈ ಕಂಬಗಳ ಮೇಲೆ ಇಲ್ಲ. ಶ್ರೀರಂಗಪಟ್ಟಣದಲ್ಲೂ ಇಲ್ಲ. ಕೋಟೆ ಒಡೆದ ಜಾಗದಲ್ಲಿ ನಮ್ಮದೇ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಕಂಬವೊಂದು ಇದೆ. ಅದೂ ಗೆದ್ದವರ ಲಗ್ಗೆಯ ನೆನಪಿಗೆ. ಕಾವೇರಿ ದಂಡೆಯ ಆ ಕಂಬಕ್ಕೂ ಅರ್ನ್ ದಂಡೆಯ ಈ ಕಂಬಕ್ಕೂ ಆಕಾರದಲ್ಲೂ ಮಾತಿನಲ್ಲೂ ಅಷ್ಟೇನೂ ವ್ಯತ್ಯಾಸ ಇಲ್ಲ. ಎರಡನ್ನೂ ಕಣ್ಣಾರೆ ನೋಡಿದ ಮೇಲೆ ಒಂದು ವಿಷಯ ನನಗೆ ಖಚಿತವಾಯಿತು. ಎತ್ತರದಲ್ಲಿ ನಿಲ್ಲಿಸಿದ ಕಲ್ಲು ಊರಿನ ನೆನಪಲ್ಲ. ಅದನ್ನು ನಿಲ್ಲಿಸುವಷ್ಟು ಹಣ ಇದ್ದವರ ನೆನಪು.

ಊರಿನ ನೆನಪು ಬೇಕಾದರೆ ಕೆಳಗೆ ಇಳಿಯಬೇಕು.

ಊರಿನ ದಕ್ಷಿಣಕ್ಕೆ ಡಾಲ್ಗಿನ್‌ರಾಸ್ ಎಂಬ ಬಯಲಿದೆ. ಸುಮಾರು 1,900 ವರ್ಷದ ಹಿಂದೆ ರೋಮನ್ ಸೈನ್ಯ ಅಲ್ಲಿ ಕೋಟೆ ಕಟ್ಟಿತ್ತು. ಬೆಟ್ಟದ ಜನ ಕಣಿವೆಯಿಂದ ಇಳಿದು ಬಾರದಂತೆ ಬಾಯಿ ಕಟ್ಟುವುದು ಉದ್ದೇಶ. ಈಗ ಹೊಲ, ಮನೆ. ಕಾಣುವುದು ಹೆಚ್ಚೇನಿಲ್ಲ. ಇನ್ನೂ ಸ್ವಲ್ಪ ಮುಂದೆ ಹೋದರೆ ಕಲ್ಟಿಬ್ರಾಗನ್ ಶಿಬಿರ. 1941ರಲ್ಲಿ ಶುರುವಾದದ್ದು. ತಗಡನ್ನು ಅರ್ಧ ಉರುಟಾಗಿ ಬಗ್ಗಿಸಿ ಮಾಡಿದ ಗುಡಿಸಲುಗಳು, ಸಾಲು ಸಾಲು. ಎರಡನೇ ಮಹಾಯುದ್ಧದ ಜರ್ಮನ್ ಕೈದಿಗಳನ್ನು ಇಲ್ಲಿಡುತ್ತಿದ್ದರು. ಅದರಲ್ಲೂ ಹಿಟ್ಲರನ ಮೇಲೆ ಗಟ್ಟಿ ನಂಬಿಕೆ ಇದ್ದ ಕೈದಿಗಳನ್ನು. 1944ರ ಡಿಸೆಂಬರ್ 23ರಂದು ವೋಲ್ಫ್‌ಗಾಂಗ್ ರೋಸ್ಟರ್ಗ್ ಎಂಬ ಕೈದಿಯನ್ನು ಜೊತೆಯ ಕೈದಿಗಳೇ ಹೊಡೆದು ನೇಣು ಹಾಕಿದರು. ಅವನು ನಾಜಿಗಳ ವಿರೋಧಿ ಎಂಬುದೇ ಕಾರಣ. ಐದು ಜನರಿಗೆ 1945ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಮರಣದಂಡನೆ ಆಯಿತು. ಆ ತಗಡಿನ ಸಾಲುಗಳ ನಡುವೆ ನಡೆಯುವಾಗ ಈ ಸಂಗತಿ ಮನಸ್ಸಿನಿಂದ ಹೋಗುವುದಿಲ್ಲ.

ಅದೇ ಶಿಬಿರದಲ್ಲಿ ಹೈನ್ರಿಚ್ ಸ್ಟೈನ್‌ಮೇಯರ್ ಎಂಬ ಹುಡುಗನೂ ಇದ್ದ. ಹಿಟ್ಲರನ ಎಸ್‌ಎಸ್ ಪಡೆಯವನು. 1944ರಲ್ಲಿ ಫ್ರಾನ್ಸಿನಲ್ಲಿ ಸಿಕ್ಕಿಬಿದ್ದಾಗ 19 ವರ್ಷ. ಬೇಲಿಯ ಆಚೆ ಈಚೆ ನಿಂತು ಊರಿನ ಶಾಲೆ ಮಕ್ಕಳ ಜೊತೆ ಮಾತು ಬೆಳೆಯಿತು. ಅವನು ಸಿನಿಮಾವನ್ನೇ ನೋಡಿಲ್ಲ ಎಂದು ಮಕ್ಕಳಿಗೆ ಗೊತ್ತಾಯಿತು. ಒಂದು ದಿನ ಬೇಲಿಯಿಂದ ಹೊರಗೆ ಕದ್ದು ಕರೆದುಕೊಂಡು ಹೋಗಿ ಸಿನಿಮಾ ತೋರಿಸಿ ವಾಪಸ್ ಬಿಟ್ಟರಂತೆ. ಯುದ್ಧ ಮುಗಿದ ಮೇಲೂ ಅವನು ಕೆಲಕಾಲ ಸ್ಕಾಟ್ಲೆಂಡಿನಲ್ಲೇ ಕೆಲಸ ಮಾಡಿಕೊಂಡಿದ್ದ. ಆಮೇಲೂ ಕಾಮ್ರಿಗೆ ಬಂದು ಹೋಗುತ್ತಿದ್ದ. 2014ರಲ್ಲಿ ತೀರಿಕೊಂಡ. ಮಕ್ಕಳು ಮರಿ ಎಂದು ಇರಲಿಲ್ಲ. ತನ್ನಲ್ಲಿದ್ದ 3,84,000 ಪೌಂಡನ್ನು ಕಾಮ್ರಿಯ ವಯಸ್ಸಾದವರಿಗೆ ಉಪಯೋಗ ಆಗಲಿ ಎಂದು ಬರೆದಿಟ್ಟಿದ್ದ. ಅವನ ಬೂದಿಯನ್ನು ಊರಿನ ಮೇಲಿನ ಗುಡ್ಡದಲ್ಲಿ ಚೆಲ್ಲಿದರು.

ಬೇರ್ಡ್‌ನನ್ನು ನೆನೆಯುತ್ತಲೇ ಈ ಕಥೆ ಓದಿದೆ. ಇಬ್ಬರೂ ಎಳೆ ವಯಸ್ಸಿನಲ್ಲಿ ದೂರದೂರಲ್ಲಿ ಸೆರೆಯಾದವರು. ಇಬ್ಬರೂ ತಪ್ಪು ಯುದ್ಧದಲ್ಲಿ ಇದ್ದವರು ಎಂದೇ ನಾನು ಹೇಳುತ್ತೇನೆ. ಒಬ್ಬನಿಗೆ ಆ ಊರಿನಲ್ಲಿ ಬೇಡಿ ಸಿಕ್ಕಿತು, ಇನ್ನೊಬ್ಬನಿಗೆ ಶಾಲೆ ಮಕ್ಕಳು ಸಿಕ್ಕಿದರು. ಇಬ್ಬರೂ ಆ ಊರನ್ನು ಮರೆಯಲಿಲ್ಲ.

ಯುದ್ಧದ ನಂತರ ಶಿಬಿರ ಸೈನ್ಯದ ತರಬೇತಿಗೆ ಹೋಯಿತು. ಅಣುಯುದ್ಧ ಆದರೆ ಸರ್ಕಾರ ಕೂರಲು 1990ರಲ್ಲಿ ನೆಲದಡಿಯಲ್ಲಿ ಭಾರೀ ಬಂಕರ್ ಕೂಡ ಕಟ್ಟಿದರು. 2004ರಲ್ಲಿ ಸೈನ್ಯ ಬಿಟ್ಟುಹೋಯಿತು. ಆಗ ಊರವರು ಮಾಡಿದ್ದೇ ನನಗೆ ಎಲ್ಲಕ್ಕಿಂತ ದೊಡ್ಡದು. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣೆ ಕಾಯ್ದೆ ಇದೆ. ಹಳ್ಳಿಯ ನೆಲ ಮಾರಾಟಕ್ಕೆ ಬಂದರೆ ಮೊದಲು ಕೊಳ್ಳುವ ಹಕ್ಕನ್ನು ಅಲ್ಲಿನ ಜನ ನೋಂದಾಯಿಸಿಕೊಳ್ಳಬಹುದು. ಕಾಮ್ರಿಯವರು ಟ್ರಸ್ಟ್ ಮಾಡಿಕೊಂಡು 2007ರಲ್ಲಿ ಇಡೀ ಶಿಬಿರವನ್ನು 3,50,000 ಪೌಂಡಿಗೆ ಕೊಂಡುಕೊಂಡರು. ಈಗ ಅಲ್ಲಿ ಊರವರು ತರಕಾರಿ ಬೆಳೆಯುವ ಮಡಿಗಳಿವೆ. ಸಣ್ಣ ಪುಟ್ಟ ಕಸುಬಿನವರು ಗುಡಿಸಲುಗಳನ್ನು ಬಾಡಿಗೆಗೆ ಹಿಡಿದಿದ್ದಾರೆ. ಕೆಲವನ್ನು ಪ್ರವಾಸಿಗಳು ಉಳಿಯಲು ಸರಿ ಮಾಡಿದ್ದಾರೆ. ಕೈದಿಗಳ ಕಾಲದ ಕಥೆಯನ್ನೂ ಹೇಳುತ್ತಾರೆ. ರೋಸ್ಟರ್ಗ್‌ನ ಕೊಲೆಯನ್ನು ಮುಚ್ಚಿಟ್ಟಿಲ್ಲ.

ಡಿಸೆಂಬರ್ 31ರ ರಾತ್ರಿ ಇಲ್ಲಿ ಪಂಜಿನ ಮೆರವಣಿಗೆ ನಡೆಯುತ್ತದೆ. ಬರ್ಚ್ ಮರದ ಉದ್ದ ಗಳುಗಳ ತುದಿಗೆ ಗೋಣಿ ಸುತ್ತಿ, ಸೀಮೆಎಣ್ಣೆಯಲ್ಲಿ ವಾರಗಟ್ಟಲೆ ನೆನೆಸಿ, ಸರಿಯಾಗಿ ಹನ್ನೆರಡು ಗಂಟೆಗೆ ಹಚ್ಚುತ್ತಾರೆ. ಹೆಗಲ ಮೇಲೆ ಹೊತ್ತು, ಬ್ಯಾಗ್‌ಪೈಪ್ ವಾದ್ಯದ ಹಿಂದೆ ಊರು ಸುತ್ತಿ, ಕೊನೆಗೆ ಡಾಲ್ಗಿನ್‌ರಾಸ್ ಸೇತುವೆಯಿಂದ ಅರ್ನ್ ನದಿಗೆ ಎಸೆಯುತ್ತಾರೆ. ಹಳೆ ವರ್ಷದ ಕೇಡು ಹೋಗಲಿ ಅಂತ. ನಾನಿನ್ನೂ ಅದನ್ನು ನೋಡಿಲ್ಲ, ನೋಡುವ ಆಸೆ ಇದೆ. ಅದೇ ನದಿಗಳು 2012ರಲ್ಲಿ ಆಗಸ್ಟ್‌ನಲ್ಲೂ ನವೆಂಬರ್‌ನಲ್ಲೂ ಉಕ್ಕಿ ಮನೆಗಳಿಗೆ ನುಗ್ಗಿದ್ದವು.

ಬೇರ್ಡ್ ಕಂಬದ ವಿಷಯಕ್ಕೆ ಮತ್ತೆ ಬರುತ್ತೇನೆ. ಶಿಬಿರ ಕೊಳ್ಳಲು ದಾರಿ ಮಾಡಿಕೊಟ್ಟ ಅದೇ 2003ರ ಕಾಯ್ದೆ, ಸ್ಕಾಟ್ಲೆಂಡಿನ ಗುಡ್ಡ ಕಾಡುಗಳಲ್ಲಿ ಯಾರು ಬೇಕಾದರೂ ಓಡಾಡುವ ಹಕ್ಕನ್ನೂ ಕೊಟ್ಟಿದೆ. ಬೆಳೆ ದನ ಕುರಿಗೆ ತೊಂದರೆ ಮಾಡದಿದ್ದರೆ ಸಾಕು. ಹಾಗಾಗಿ ನಮ್ಮ ಕಡೆಯವರು ಅಲ್ಲಿಗೆ ಹೋಗಬಹುದು, ಹೋಗಬೇಕು. ಅಲ್ಲೊಂದು ಫಲಕ ಬರಬೇಕು ಎನ್ನುವುದು ನನ್ನ ಆಸೆ. ಕಂಬ ಕೆಡವಬೇಕಿಲ್ಲ. ಮೇ 4ರಂದು ಕೋಟೆಯೊಳಗೆ ಏನಾಯಿತು, ಆ ರಾತ್ರಿ ಊರಿನಲ್ಲಿ ಏನಾಯಿತು, ಆಮೇಲೆ ರಾಜಧಾನಿ ಮೈಸೂರಿಗೆ ಹೋಗಿ ಆ ದ್ವೀಪ ಹೇಗೆ ಬರಿದಾಯಿತು ಎಂದು ಬರೆದರೆ ಸಾಕು. ಬೇರ್ಡ್‌ನ ಬೇಡಿಯ ಕಥೆಯೂ ಅದರಲ್ಲಿ ಇರಲಿ. ಪ್ರತಿ ನಡುಕವನ್ನೂ ಬರೆದಿಟ್ಟ ಊರು, ತನ್ನ ಶಿಬಿರದಲ್ಲಿ ನಡೆದ ಕೊಲೆಯನ್ನೂ ಮರೆಮಾಚದ ಊರು, ಇದನ್ನು ಬರೆಯಲು ಹಿಂಜರಿಯುವುದಿಲ್ಲ ಎಂದು ನಾನು ನಂಬಿದ್ದೇನೆ.

ಊರವರಿಗೆ ಒಂದು ಪತ್ರ ಬರೆಯುತ್ತಿದ್ದೇನೆ. ಫಲಕದಲ್ಲಿ ಕನ್ನಡದ ನಾಲ್ಕು ಸಾಲೂ ಇರಲಿ ಎಂದು ಕೇಳುತ್ತೇನೆ. ಶ್ರೀರಂಗಪಟ್ಟಣ, ಗಂಜಾಂ ಕಡೆಯವರು, ಆ ನಾಲ್ಕು ಸಾಲು ಹೇಗಿರಬೇಕು ಎಂದು ನಿಮಗೆ ಅನ್ನಿಸಿದ್ದನ್ನು ಬರೆದು ಕಳಿಸಿ.